ನಡುದಾರಿಯಲ್ಲಿ ತಡೆದ ಮಾತು

ಐಜಿರೆಕ್ ಐದು ವರ್ಷಗಳಿಂದ ಬಿಷ್ಕೆಕ್‌ನ ಒಂದು ಸಣ್ಣ ಕಚೇರಿಯಲ್ಲಿ ಕೂತು, ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆ ಇಡುವ ತಂತ್ರಾಂಶ ಬರೆಯುತ್ತಿದ್ದಳು. ಮಾತು ಕಡಿಮೆ. ಬರೆದ ಸಾಲನ್ನು ಮೂರು ಸಲ ಓದದೆ ಮುಂದಕ್ಕೆ ಬಿಡುವವಳಲ್ಲ.

"ಇವಳು ಚಹಾಕ್ಕೆ ಸಕ್ಕರೆ ಹಾಕೋಕೂ ಮುಂಚೆ ರುಚಿ ನೋಡ್ತಾಳಪ್ಪ, ಸಕ್ಕರೆನೋ ಉಪ್ಪೋ ಅಂತ," ಎಂದು ಎದುರು ಮೇಜಿನ ಜೋಲ್ದೋಶ್ ಕಿಚಾಯಿಸುತ್ತಿದ್ದ.

"ನಮ್ಮೂರಲ್ಲಿ ಉಪ್ಪೇ ಹಾಕೋದು ಬೈಕೆ," ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು. ಬೈಕೆ ಎಂದರೆ ಅಣ್ಣ. ಅವಳ ಊರು ಬೆಟ್ಟದಾಚೆಯ ಅತ್-ಬಾಶಿ. ಚೊಚ್ಚಲ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವ ವಾಡಿಕೆಯಂತೆ ಅವಳನ್ನು ಸಾಕಿದ್ದು ಅಜ್ಜಿ ಉಮ್ಸುನ್. ಅವಳನ್ನೇ ಆಪಾ ಎಂದು, ಅಂದರೆ ಅಮ್ಮ ಎಂದು, ಕರೆದು ಬೆಳೆದವಳು ಐಜಿರೆಕ್.

ಎರಡು ಚಳಿಗಾಲದ ಹಿಂದೆ ಒಂದು ಆಸ್ಪತ್ರೆಯ ಗುಮಾಸ್ತೆ, ಸತ್ತು ಹತ್ತು ದಿನವಾಗಿದ್ದ ಮನುಷ್ಯನ ಮನೆಗೆ ಫೋನ್ ಮಾಡಿ, "ಯಾಕ್ರೀ, ಮಾತ್ರೆ ತಗೊಳ್ಳೋಕೆ ಅವರು ಬರಲೇ ಇಲ್ಲ?" ಎಂದು ಕೇಳಿಬಿಟ್ಟಿದ್ದಳು. ವಿಧವೆ ಫೋನಿನಲ್ಲೇ ಗೋಳಾಡಿದಳು. ಸತ್ತವರ ಹೆಸರು ಕಾಣದಂತೆ ಇನ್ನೂರು ಪರದೆಗಳಲ್ಲೂ ಒಂದೊಂದಾಗಿ ತಿದ್ದಬೇಕು ಎಂದು ಜೋಲ್ದೋಶ್ ತಲೆ ಮೇಲೆ ಕೈಹೊತ್ತು ಕೂತ. ಐಜಿರೆಕ್ ಒಂದೇ ಕಡೆ ತಿದ್ದಿದಳು. ಹುಡುಕು ಎಂದು ಒತ್ತಿದಾಗ ಪರದೆ ನೇರವಾಗಿ ಡೇಟಾಬೇಸಿನೊಡನೆ ಮಾತಾಡುವುದಿಲ್ಲ. ನಡುವೆ ದುಭಾಷಿಯಂಥ ಒಂದು ಪದರವಿದೆ. ಪರದೆಯ ಕೋರಿಕೆಯನ್ನು ಅದು ಕೋಷ್ಟಕಗಳಿಗೆ ತಿಳಿಯುವ ಪ್ರಶ್ನೆಯಾಗಿಸಿ ಕಳಿಸುತ್ತದೆ. ಐಜಿರೆಕ್ ಆ ಪ್ರಶ್ನೆಯನ್ನು ಹೊಸ್ತಿಲಲ್ಲೇ ತಡೆದು, ಅದರ ಬಾಲಕ್ಕೆ ಒಂದು ಷರತ್ತು ಕಟ್ಟಿ ಒಳಗೆ ಬಿಟ್ಟಳು: ಬದುಕಿರುವವರು ಮಾತ್ರ. ಕೇಳಿದವರಿಗೆ ತಮ್ಮ ಪ್ರಶ್ನೆ ಬದಲಾದದ್ದೇ ತಿಳಿಯುತ್ತಿರಲಿಲ್ಲ. ಆಮೇಲೆ ಯಾವ ವಿಧವೆಗೂ ಅಂಥ ಕರೆ ಹೋಗಲಿಲ್ಲ. ಹೆಮ್ಮೆಪಡಲು ಅವಳಿಗೆ ಇದ್ದ ಕೆಲಸ ಅದೊಂದೇ.

ಈ ಮಾರ್ಚಿನಲ್ಲಿ ಆಪಾಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಹೊರಡುತ್ತೇನೆ ಎಂದು ಐಜಿರೆಕ್ ದಿನಾ ಹಟ ಹಿಡಿದಳು. ಆಪಾಳ ಹಿರಿಯ ಮಗ ಸಾಮ್ಸಾಲಿ, ಅವಳು ಆಬಾ ಎಂದು ಕರೆಯುವ ದೊಡ್ಡಪ್ಪ, ದಿನಾ ತಡೆದ.

"ಬೇಡಮ್ಮ. ದೋಲೋನ್ ಘಾಟಿ ಹಿಮದಲ್ಲಿ ಮುಚ್ಚಿದೆ. ಆಪಾ ಪರವಾಗಿಲ್ಲ, ಸೂಪು ಕುಡಿದ್ರು."

"ಫೋನ್ ಕೊಡಿ ಆಬಾ, ಒಂದು ನಿಮಿಷ."

"ಮಲಗಿದಾರೆ."

ಯಾವಾಗ ಮಾಡಿದರೂ ಆಪಾ ಮಲಗಿಯೇ ಇರುತ್ತಿದ್ದಳು. ಒಂಬತ್ತನೆಯ ದಿನ, ಮಂಗಳವಾರ ಬೆಳಿಗ್ಗೆ, ಸಾಮ್ಸಾಲಿಯೇ ಫೋನ್ ಮಾಡಿದ. "ಕಾರಿಗೆ ಏನೋ ಸಾಮಾನು ಬೇಕು, ನಗರಕ್ಕೆ ಬರ್ತಿದ್ದೀನಿ. ಮೂರು ಗಂಟೆಗೆ ಮನೇಲಿರು, ಚಹಾ ಕುಡಿಯೋಣ."

ತಾಯಿ ಆಸ್ಪತ್ರೆಯಲ್ಲಿರುವಾಗ ಕಾರಿನ ಸಾಮಾನಿಗೆ ಯಾರು ಬೆಟ್ಟ ದಾಟುತ್ತಾರೆ? ಊರಿನ ಆಸ್ಪತ್ರೆಯಲ್ಲೂ ಇದ್ದದ್ದು ಅವಳ ತಂತ್ರಾಂಶವೇ. ಐಜಿರೆಕ್ ಅಲ್ಲಿನ ದಾಖಲೆ ತೆರೆದು ಆಪಾಳ ಹೆಸರು ಹಾಕಿದಳು. ಹಾಗೆ ನೋಡಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಹಿಂದಿನ ದಿನ ಕದ್ದು ನೋಡಿದ್ದಳು, ಜ್ವರ ಎಷ್ಟು, ಉಸಿರು ಎಷ್ಟು ಎಂದು. ಇಂದು ಪರದೆ ಹೇಳಿತು: ಯಾವ ದಾಖಲೆಯೂ ಇಲ್ಲ.

ಹೆಸರು ತಪ್ಪಿರಬೇಕೆಂದು ಮತ್ತೆ ಬರೆದಳು. ಹುಟ್ಟಿದ ದಿನ ಹಾಕಿದಳು. ರೋಗಿಯ ಸಂಖ್ಯೆ ಹಾಕಿದಳು. ಪಕ್ಕದ ಹಾಸಿಗೆಯ ಮುದುಕಿ ಸಿಕ್ಕಳು. ಆಪಾ ಸಿಗಲಿಲ್ಲ. ಬೇರೆ ಆಸ್ಪತ್ರೆಗೆ ಕಳಿಸಿದರೂ, ಮನೆಗೆ ಕಳಿಸಿದರೂ ದಾಖಲೆ ಅಳಿಯುವುದಿಲ್ಲ. ಮರೆಯಾಗಲು ಕಾರಣ ಒಂದೇ, ಆ ಷರತ್ತು. ಅದನ್ನು ಬರೆದವಳು ಅವಳೇ.

ಷರತ್ತನ್ನು ಕಳಚಿ ಕೇಳುವ ದಾರಿಯೂ ಅವಳಿಗೆ ಗೊತ್ತಿತ್ತು. ಅದಕ್ಕೆ ಬೇಕಾದ ಸಾಲು ಬರೆದಳು. ಒಂದು ಗುಂಡಿ ಒತ್ತಿದರೆ ಸಾವಿನ ದಿನ, ಗಂಟೆ, ನಿಮಿಷ. ಒತ್ತಲಿಲ್ಲ. ಅವಳ ಜನರಲ್ಲಿ ಸಾವಿನ ಸುದ್ದಿಯನ್ನು ಒಂಟಿಯಾಗಿದ್ದವರ ಕಿವಿಗೆ ಹಾಕುವುದಿಲ್ಲ. ಹಿರಿಯರು ಕೂಡಿ ಬಂದು, ಪಕ್ಕದಲ್ಲಿ ಕೂತು, ಮೆಲ್ಲಗೆ ತಿಳಿಸುತ್ತಾರೆ. ಅವಳು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

"ಬೈಕೆ, ನಾನು ಮನೆಗೆ ಹೋಗ್ತೀನಿ."

ಜೋಲ್ದೋಶ್ ಅವಳ ಮುಖ ನೋಡಿದ. "ಕೋಟು ಹಾಕ್ಕೋ," ಎಂದ. ಅವಳು ಕೋಟಿಲ್ಲದೆ ಬಾಗಿಲವರೆಗೆ ಹೋಗಿದ್ದಳು.

ಮೂರಕ್ಕೆ ಸಾಮ್ಸಾಲಿ ಬಂದ. ಜೊತೆಗೆ ನಗರದಲ್ಲೇ ಇರುವ ಇಬ್ಬರು ನೆಂಟರು, ವಯಸ್ಸಾದ ಹೆಂಗಸರು. ಐಜಿರೆಕ್ ಬಟ್ಟೆ ಹಾಸಿ ರೊಟ್ಟಿ ಇಟ್ಟಳು, ಚಹಾ ಬಸಿದಳು. ಹೆಂಗಸರು ಅವಳನ್ನು ನಡುವೆ ಕೂರಿಸಿಕೊಂಡರು.

"ಬಡಕಲಾಗಿದೀಯ ಕಣೇ. ಆ ಕಂಪ್ಯೂಟರ್ ಊಟ ಹಾಕಲ್ವಾ ನಿಂಗೆ?" ಎಂದಳು ಒಬ್ಬಳು. ಯಾರೂ ನಗಲಿಲ್ಲ.

ಸಾಮ್ಸಾಲಿ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಶುರುಮಾಡಿದ. "ಬಂದೋರೆಲ್ಲ ಹೋಗೋರೇ, ಮಗಳೇ. ರಾಜನೂ ಹೋದ, ಕುರುಬನೂ ಹೋದ..." ಹೆಂಗಸರು ಅವಳ ಎರಡೂ ಕೈ ಹಿಡಿದುಕೊಂಡರು. "ನಮ್ಮ ಆಪಾನೂ ಹೊರಟುಬಿಟ್ರು. ಬೆಳಗಿನ ಜಾವ."

ಐಜಿರೆಕ್ ಅತ್ತಳು. ಬೆಳಗಿನಿಂದ ತಡೆದಿದ್ದದ್ದೆಲ್ಲ ಬಂತು. ಹೆಂಗಸರೂ ದನಿ ಎತ್ತಿ ಅತ್ತರು. ಅಳು ಸ್ವಲ್ಪ ಇಳಿದ ಮೇಲೆ ಅವಳು ಕೇಳಿದಳು, "ಘಾಟಿ ಯಾವಾಗ ತೆಗೀತು ಆಬಾ?"

ಸಾಮ್ಸಾಲಿ ನೆಲ ನೋಡಿದ. ಸುಳ್ಳು ಹೇಳಲು ಅವನಲ್ಲಿ ಇನ್ನು ತ್ರಾಣವಿರಲಿಲ್ಲ.

"ಮುಚ್ಚಿದ್ದು ಒಂದೇ ದಿನ."

ಐಜಿರೆಕ್ ಹೆಂಗಸರ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ನಿನ್ನ ಕೇಳ್ತಾನೇ ಇದ್ರು," ಎಂದ ಅವನು. "ನಾನೇ ನಿಂಗೆ ಹೇಳ್ಲಿಲ್ಲ. ಕೇಳಿದ್ರೆ ಆ ಜಾರೋ ದಾರೀಲಿ ಹೊರಟುಬಿಡ್ತಿದ್ದೆ. ಮೊದಲ ದಿನ ಹೆದರಿ ಹೇಳ್ಲಿಲ್ಲ. ಆಮೇಲೆ ಗುಣ ಆಗ್ತಾರೆ, ಆಗ ಕರೆಸಿದ್ರಾಯ್ತು ಅಂದ್ಕೊಂಡೆ. ಆಪಾಗೆ ನೀನು ದಾರೀಲಿದೀಯ ಅಂದೆ. ನಿಂಗೆ ಆಪಾ ಮಲಗಿದಾರೆ ಅಂದೆ."

ಕಿರುಚಿಬಿಡಬೇಕೆನಿಸಿತು ಅವಳಿಗೆ. ಆದರೆ ಎದುರಿಗೆ ಕೂತವನು ಈ ಬೆಳಿಗ್ಗೆ ತಾಯಿಯನ್ನು ಕಳೆದುಕೊಂಡವನು, ಆರು ಗಂಟೆ ಹೊತ್ತು ಕಾರು ಓಡಿಸಿ ಬಂದವನು. ಕಣ್ಣು ಕೆಂಪಾಗಿತ್ತು.

"ಏನಂತ ಕೇಳಿದ್ರು?" ಎಂದಳು. "ಇದ್ದ ಹಾಗೇ ಹೇಳಿ ಆಬಾ. ಒಂದು ಮಾತೂ ಕೂಡಿಸಬೇಡಿ, ಕಳೀಬೇಡಿ."

ಅವನು ನೆನೆಸಿಕೊಳ್ಳುತ್ತಾ ಟೋಪಿ ಕೆಳಗಿಟ್ಟ.

"‘ಐಜಿರೆಕ್ ಬಂದ್ಳಾ?’ ಅಂದ್ರು. ಇನ್ನೊಂದು ಸಲ, ‘ನಾನು ಕರೆದಿದ್ದು ಅವಳಿಗೆ ಹೇಳಿದ್ಯೋ ಇಲ್ವೋ?’ ಅಂದ್ರು. ಅಷ್ಟೇ."

"ಅದಕ್ಕೆ ನೀವೇನಂದ್ರಿ?"

"ಹೇಳ್ದೆ ಅಂದೆ."

ಹೊರಗೆ ಕಾರು ಕಾಯುತ್ತಿತ್ತು. ಹೊತ್ತು ಮೀರುವ ಮುಂಚೆ ಘಾಟಿ ದಾಟಬೇಕು ಎಂದು ಯಾರೋ ಅಂದರು. ಐಜಿರೆಕ್ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಸಾಮ್ಸಾಲಿಯ ಪಕ್ಕ, ಮುಂದಿನ ಸೀಟಿನಲ್ಲಿ ಕೂತಳು.