ಮುರ್ತುಜಸಾಬನ ಉಳುಕಿದ ಕಾಲು

ಇಳಕಲ್ಲಿನ ಮುರ್ತುಜಸಾಬನಿಗೆ ಕುಸ್ತಿಯೇ ಹೊಟ್ಟೆಪಾಡು. ಸಾಂಗ್ಲಿ, ಮಿರಜ, ಬೆಳಗಾವಿ, ಎಲ್ಲಿ ಕಣ ಹೂಡಿದರೂ ಅವನಿಗೆ ಕರೆ ಬರುತ್ತಿತ್ತು. ಅವನ ಜೊತೆ ಅದೇ ಗರಡಿಯಲ್ಲಿ ಬೆಳೆದ ಮುತ್ತಪ್ಪ ಮಾತ್ರ ನೇಕಾರನಾಗಿಯೇ ಉಳಿದ. ಮಗ್ಗದಿಂದ ಬಿಡುವು ಸಿಕ್ಕಾಗ ಮಣ್ಣಿಗಿಳಿದು ನಾಲ್ಕು ಪಟ್ಟು ಹಾಕಿ ಮನೆಗೆ ಹೋಗುವವ.

ಎಪ್ಪತ್ತೇಳನೆಯ ಇಸವಿಯಲ್ಲಿ ಹುನಗುಂದದ ಹಿರಿಯರು ಟಿಕೀಟಿನ ಕುಸ್ತಿ ಇಟ್ಟರು. ಬಂದ ದುಡ್ಡೆಲ್ಲ ಊರ ದವಾಖಾನೆಗೆ ಹೆರಿಗೆ ಕೋಣೆ ಕಟ್ಟಿಸಲು. ಆಗ ಹೆರಿಗೆ ಕಷ್ಟವಾಯಿತೆಂದರೆ ಹೆಣ್ಣುಮಗಳನ್ನು ಸಿಕ್ಕ ಲಾರಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಓಡಬೇಕಿತ್ತು. ಕೊನೆಯ ಜೋಡಿ ಮುರ್ತುಜಸಾಬ ಮತ್ತು ಕೊಲ್ಲಾಪುರದ ಒಬ್ಬ ಪೈಲ್ವಾನ. 'ಚಹಾ ಆರೂದ್ರಾಗ ಅವನ್ನ ಚಿತ್ ಮಾಡ್ತೇನಿ' ಎಂದು ಮುರ್ತುಜಸಾಬ ಬಜಾರದಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ್ದ.

ಕುಸ್ತಿಯ ದಿನ ಶಾಲೆಯ ಹಿಂದಿನ ಬಯಲಿನಲ್ಲಿ ಕೊಲ್ಲಾಪುರದವನು ಬೈಠಕ್ ಹೊಡೆಯುತ್ತಿದ್ದ. ಹೆಗಲಿನ ಮೇಲೆ ನೇರವಾಗಿ ತಲೆ ಇಟ್ಟಂತಿತ್ತು. ಕುತ್ತಿಗೆ ಎಂಬುದೇ ಇರಲಿಲ್ಲ. ಅವನನ್ನು ಕಂಡು ಮುರ್ತುಜಸಾಬನಿಗೆ ಅಂಜಿಕೆಯಾಯಿತು. ಇಷ್ಟು ವರ್ಷ ಆಡಿದರೂ ಹೀಗೆ ಎಂದೂ ಆಗಿರಲಿಲ್ಲ. ಅಲ್ಲಿಂದ ತಿರುಗಿ ಬಂದವನು ಶಾಲೆಯ ಮೆಟ್ಟಿಲ ಹತ್ತಿರ ಜಾರಿದಂತೆ ಮಾಡಿ ಮೊಣಕಾಲು ಹಿಡಿದುಕೊಂಡು ಕುಳಿತುಬಿಟ್ಟ. ಹಾಗೆ ಮಾಡಬೇಕೆಂದು ಅವನು ಯೋಚಿಸಿರಲಿಲ್ಲ. 'ಯಾ ಅಲ್ಲಾ' ಎಂದು ಕೂಗಿದ ಮೇಲೆಯೇ ತಾನು ಮಾಡಿದ್ದೇನೆಂದು ಅವನಿಗೆ ತಿಳಿದದ್ದು.

ಕುಸ್ತಿ ಹೂಡಿದವರ ಮುಖಂಡ ಸಂಗಯ್ಯ ಓಡಿ ಬಂದ. 'ಏನ್ ಮಾಡೂದ್ರಿ ಈಗ? ಮಂದಿ ಕಡೀ ಜೋಡಿ ನೋಡಾಕ ಬಂದಾರ. ಅದ ಇಲ್ಲಂದ್ರ ಟಿಕೀಟಿನ ರೊಕ್ಕ ವಾಪಸ್ ಕೇಳ್ತಾರ!'

ನೋಡಲು ಬಂದಿದ್ದ ಮುತ್ತಪ್ಪ ಅಂಗಿ ಬಿಚ್ಚಿದ.

'ನಾ ಇಳೀತೇನ್ರಿ. ಗೆಲ್ಲೂದು ನನ್ನ ಕೈಲೆ ಆಗೂದಿಲ್ಲ. ಮಂದಿ ಎದ್ದು ಹೋಗಧಂಗ ಆಡ್ತೇನಿ.'

ಹಾಗೆಯೇ ಆಡಿದ. ತನಗಿಂತ ಎರಡು ಪಟ್ಟು ದಪ್ಪಗಿದ್ದವನ ಕೈಯಿಂದ ಮೀನಿನ ಹಾಗೆ ಜಾರಿದ, ಬಿದ್ದ, ಮತ್ತೆ ಎದ್ದ. ಜನ ಕುಳಿತಲ್ಲಿ ಕೂರಲಿಲ್ಲ. ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಕುರ್ಚಿಯಲ್ಲಿದ್ದ ಮುರ್ತುಜಸಾಬನೊಬ್ಬನೇ ಕುಳಿತಿದ್ದ. ಕೊನೆಗೆ ಕೊಲ್ಲಾಪುರದವನು ಮುತ್ತಪ್ಪನನ್ನು ಎತ್ತಿ ಒಗೆದಾಗ ಬಲಭುಜದ ಎಲುಬು ಮುರಿದ ಸದ್ದು ಕುರ್ಚಿಯವರೆಗೂ ಕೇಳಿಸಿತು. ಜನ ರುಮಾಲು ತೂರಿದರು. ಮುತ್ತಪ್ಪ ತೋಳು ಹಿಡಿದುಕೊಂಡು ಮೊದಲು ಗೆಳೆಯನ ಹತ್ತಿರವೇ ಬಂದ.

'ನೋವು ಕಡಿಮಿ ಆತೇನಲೇ?'

ಅಷ್ಟರಲ್ಲಿ ಸಂಗಯ್ಯನ ತಾಯಿ ಗುರುಸಿದ್ದವ್ವ ಅರಿಷಿಣ, ಸುಣ್ಣ ಕಲಸಿ ತಂದು ನೆಲದ ಮೇಲೆ ಕುಳಿತು ಮುರ್ತುಜಸಾಬನ ಮೊಣಕಾಲಿಗೆ ಹಚ್ಚತೊಡಗಿದಳು. 'ನನ್ನ ಸೊಸಿ ಹಡಿಯಾಕ ಹೋಗಿ ದಾರ್‍ಯಾಗ ಸತ್ಲೋ ಯಪ್ಪಾ. ಅಂಥಾವ್ರ ಸಲುವಾಗಿ ಆಡಾಕ ಬಂದಿ. ನಿನ್ನ ಹೊಟ್ಟಿ ತಣ್ಣಗಿರ್ಲಿ.'

ಮುರ್ತುಜಸಾಬ ಕಾಲು ಹಿಂದಕ್ಕೆ ಎಳೆದುಕೊಂಡ. ನೋವಿಗೆ ಎಳೆದುಕೊಂಡನೆಂದು ಆ ಮುದುಕಿ ಇನ್ನಷ್ಟು ಮೆತ್ತಗೆ ಹಚ್ಚಿದಳು.

ಉಳುಕು ನಿಜವಾಗಿದ್ದರೆ ವಾರದಲ್ಲಿ ಇಳಿಯುತ್ತಿತ್ತು. ಇಲ್ಲದ ಉಳುಕು ಇಳಿಯುವುದು ಯಾವಾಗ? ಬಜಾರದಲ್ಲಿ ಜನ ಕೇಳಿದಾಗಲೆಲ್ಲ ಅವನು ಕುಂಟಿದ. ಕುಸ್ತಿಗೆ ಕರೆ ಬಂದರೂ ಅದೇ ಕಾಲು ತೋರಿಸಿ ಒಲ್ಲೆನೆಂದ, ತಾಲೀಮೂ ಬಿಟ್ಟ. ಮನೆಯಲ್ಲಿ ಒಮ್ಮೆ ಮರೆತು ಹಿತ್ತಲಿಗೆ ನೆಟ್ಟಗೆ ನಡೆದುಹೋದದ್ದನ್ನು ಹೆಂಡತಿ ಶಮಶಾದಬಿ ನೋಡಿದಳು. ಮರುದಿನ ಅವನು ಅವಳೆದುರು ಮತ್ತೆ ಕುಂಟತೊಡಗಿದಾಗ, 'ಹೊರಗ ಬೇಕಾದಷ್ಟು ಕುಂಟ್ರಿ. ಮನ್ಯಾಗ ಬ್ಯಾಡ. ನನಗ ನೋಡಾಕ ಆಗೂದಿಲ್ಲ' ಅಂದಳು. ಅವನ ಮುಖ ನೋಡದೆ ರೊಟ್ಟಿ ಬಡಿಯುತ್ತಲೇ ಅಂದಳು.

ಹುನಗುಂದದಲ್ಲಿ ಹೆರಿಗೆ ಕೋಣೆ ಎದ್ದಿತು. ಮುತ್ತಪ್ಪನ ಭುಜ ಮಾತ್ರ ನೆಟ್ಟಗೆ ಕೂಡಲಿಲ್ಲ. ಮಗ್ಗದ ಲಾಳಿ ಎಳೆಯಲು ಆ ಕೈ ಏಳುತ್ತಿರಲಿಲ್ಲ. ಹೆಂಡತಿ ಮಗ್ಗಕ್ಕೆ ಕುಳಿತಳು. ಅವನು ಎಡಗೈಯಲ್ಲಿ ರಾಟಿ ತಿರುಗಿಸಿ ಅವಳಿಗೆ ಲಾಳಿಯಲ್ಲಿಡುವ ನೂಲಿನ ಕಂಡಿಕೆ ಸುತ್ತಿಕೊಟ್ಟ.

ಎರಡು ವರ್ಷದ ಮೇಲೆ ಬಾದಾಮಿಯಲ್ಲಿ ಕುರುಡ ಮಕ್ಕಳ ವಸತಿಗಾಗಿ ಅಂಥದೇ ಕುಸ್ತಿ ನಡೆಯಿತು. ಯಾರೂ ಕರೆಯದಿದ್ದರೂ ಮುರ್ತುಜಸಾಬ ಹೋಗಿ, ಕಾಲು ವಾಸಿಯಾಗಿದೆ, ಬಿಡಿಗಾಸೂ ಬೇಡವೆಂದು ಹೇಳಿ, ಅದೇ ಕೊಲ್ಲಾಪುರದವನ ಎದುರು ಇಳಿದ. ಮುತ್ತಪ್ಪನೂ ಜೊತೆಗೆ ಬಂದಿದ್ದ. ತಾಲೀಮು ಬಿಟ್ಟ ಮೈ, ಕೈ ಕೂಡಿಸಿದ್ದೇ ತಡ, ಮುರ್ತುಜಸಾಬ ಅಂಗಾತ ಬಿದ್ದಿದ್ದ. ಜನ ಹೊಟ್ಟೆ ಹಿಡಿದು ನಕ್ಕರು.

ಮರಳುವಾಗ ಅಮೀನಗಡದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಲ್ಲಿ ಅವನು ಬಾಯಿ ಬಿಟ್ಟ. 'ಮುತ್ತಪ್ಪಾ, ಹುನಗುಂದದಾಗ ನನ್ನ ಕಾಲು ಉಳುಕಿರಲಿಲ್ಲ. ಅಂಜಿದ್ದೆ.'

ಮುತ್ತಪ್ಪ ಬೈಯುತ್ತಾನೆ, ಇಲ್ಲವೇ 'ನನಗ ಗೊತ್ತಿತ್ತು ಬಿಡಲೇ' ಎನ್ನುತ್ತಾನೆ ಎಂದುಕೊಂಡಿದ್ದ. ಮುತ್ತಪ್ಪನಿಗೆ ಗೊತ್ತಿರಲಿಲ್ಲ. ಗೆಳೆಯನ ಕಾಲನ್ನು ನೋಡುತ್ತ ಅಂದ.

'ನನ್ನ ತೋಳು ಹೋತಂತ ನಾ ಅಳಲಿಲ್ಲ. ಇವನ ಕುಸ್ತಿ ಮುಗೀತಲ್ಲ ಅಂತ ನಿನ್ನ ಕಾಲು ನೋಡಿ ಅತ್ತಿದ್ದೆ.'

ಚಹಾ ಅಲ್ಲೇ ಬಿಟ್ಟು ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತ. ಇಳಕಲ್ಲಿನವರೆಗೂ ಹಿಂತಿರುಗಿ ನೋಡಲಿಲ್ಲ.

ಮರುದಿನದಿಂದ ಮುರ್ತುಜಸಾಬ ಮುತ್ತಪ್ಪನ ಮನೆಗೆ ಹೋಗಿ ಇನ್ನೊಂದು ರಾಟಿಯ ಮುಂದೆ ಕೂರತೊಡಗಿದ. ಅವನಿಗೆ ಬಾ ಎಂದವರಿಲ್ಲ, ಹೋಗು ಎಂದವರೂ ಇಲ್ಲ. ಅಷ್ಟು ದೊಡ್ಡ ಪೈಲ್ವಾನ ಹೆಂಗಸರ ಹಾಗೆ ಕಂಡಿಕೆ ಸುತ್ತುವುದನ್ನು ನೋಡಲು ಓಣಿಯ ಜನ ಬಾಗಿಲಲ್ಲಿ ಇಣುಕಿದರು. ಅವನ ಕಿವಿ ಕೆಂಪಾಗುತ್ತಿತ್ತು, ಆದರೂ ಏಳಲಿಲ್ಲ. ಮುತ್ತಪ್ಪ ವರ್ಷಗಟ್ಟಲೆ ಒಂದು ಮಾತೂ ಆಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, 'ನೂಲು ಭಾಳ ಬಿಗದಿ. ಹರೀತೈತಿ ನೋಡು' ಅಂದ. ಅಂದಿನಿಂದ ಕೆಲಸದ ಮಾತುಗಳು ನಡೆದವು. ಗರಡಿಯ ದಿನಗಳ ಹಾಗೆ 'ಲೇ' ಎಂದು ಮಾತ್ರ ಮುತ್ತಪ್ಪ ಅವನನ್ನು ಮತ್ತೆ ಕರೆಯಲಿಲ್ಲ.