ಪೊಕುವಾ ಅಜ್ಜಿಯ ಒರಳು, ಬೋಟ್ವೆಯ ಗರಗಸ

ಘಾನಾ ದೇಶದ ಕುಮಾಸಿ ಪಟ್ಟಣದ ಬಂಟಾಮಾದಲ್ಲಿ ಕೋಳಿ ಕೂಗುವ ಹೊತ್ತಿಗೇ ಬಡಗಿ ಬೋಟ್ವೆ ಜೋಡಿಮಂಚದ ನಡುವೆ ಗರಗಸ ಇಟ್ಟಾಗಿದೆ. ಮಂಚದ ಒಡತಿ ಪೊಕುವಾ ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಾರೆ.

"ನಮ್ಮೆಜಮಾನ್ರು ಮಲಗ್ತಿದ್ದ ಕಡೆ ತೆಗೆದುಬಿಡೋ. ಅವರ ಗೊರಕೆಗೆ ಆ ಕಡೆ ಮರ ಎಲ್ಲಾ ಸಡಿಲ ಆಗಿದೆ."

ವಯಸ್ಸಾದ ಮೇಲೆ ದೊಡ್ಡ ಮನೆ ಬಿಟ್ಟು ಎರಡು ಕೋಣೆಗೆ ಹೋಗುವವರ ಸಾಮಾನನ್ನು ಅಲ್ಲಿಗೆ ಹೊಂದುವಂತೆ ಕಿರಿದು ಮಾಡಿಕೊಡುವುದು ಬೋಟ್ವೆಯ ಕಸುಬು. ಅವನ ಕೈಯಲ್ಲಿ ಬೀರು ಅರ್ಧವಾಗುತ್ತದೆ, ಊಟದ ಮೇಜು ಸ್ಟೂಲಾಗುತ್ತದೆ. ಕೆಲವರು ಅರ್ಧ ಕೊಯ್ದ ಮೇಲೆ ಅಳುತ್ತಾ, ಮತ್ತೆ ಅಂಟಿಸಿಕೊಡು ಅನ್ನುವುದೂ ಉಂಟು. ಅವನು ಕೆಲಸ ಕಲಿತದ್ದು ಶವಪೆಟ್ಟಿಗೆ ಅಂಗಡಿಯಲ್ಲಿ. "ಅಲ್ಲಿ ಅಳತೆ ತಪ್ಪಿದ್ರೂ ಗಿರಾಕಿ ತುಟಿ ಬಿಚ್ತಿರಲಿಲ್ಲ. ಇಲ್ಲಿಯವ್ರು ಬಿಡ್ತಾರಾ?" ಎಂದು ಅಜ್ಜಿಯ ಕಡೆ ಕಣ್ಣು ಹಾಯಿಸುತ್ತಾನೆ.

ಮಂಚ, ಬೀರು ಎಲ್ಲಕ್ಕೂ ಅಜ್ಜಿ ಸಲೀಸಾಗಿ ಒಪ್ಪಿದ್ದಾರೆ. ಮೊಣಕಾಲು ನೋವು, ಗುಡಿಸಲಾಗದಷ್ಟು ಕೋಣೆ; ಈ ಮನೆ ಬಿಟ್ಟು ಹೋಗುವ ತೀರ್ಮಾನವೂ ಅವರದೇ. ಎಲ್ಲ ಸಿಕ್ಕಿಹಾಕಿಕೊಂಡಿರುವುದು ಒರಳಿನಲ್ಲಿ. ಮರಗೆಣಸು, ಬಾಳೆಕಾಯಿ ಬೇಯಿಸಿ ಫುಫು ಅನ್ನುವ ಮುದ್ದೆ ಕುಟ್ಟುವ, ಕರು ಮಲಗುವಷ್ಟು ದೊಡ್ಡ ಮರದ ಒರಳು. ಹೊಸ ಬಾಡಿಗೆ ಮನೆಯ ಮಾಲೀಕ ಒಪ್ಪಾಂಗ್ ಮಾತ್ರ, ಟೈಲ್ಸ್ ಒಡೆಯುತ್ತದೆ, ಒರಳು ಬೇಡವೇ ಬೇಡ ಅಂದಿದ್ದಾನೆ.

"ಅಂಗಡೀಲಿ ಫುಫು ಪುಡಿ ಸಿಗುತ್ತಲ್ಲಜ್ಜಿ" ಎಂದು ಬೋಟ್ವೆ ಬಾಯಿ ತಪ್ಪಿ ಅಂದುಬಿಡುತ್ತಾನೆ.

"ಪುಡಿ ಕಲಸಿದ್ರೆ ಸದ್ದು ಬರುತ್ತೇನೋ? ನನ್ನ ಒನಕೆ ಸದ್ದು ಕೇಳಿ ತಾನೇ ಬೀದಿಯವ್ರು ಊಟಕ್ಕೆ ಬರೋದು? ಅಲ್ಲಿ ನಾನೊಬ್ಳೇ ಕೂತು ಗೋಡೆ ನೋಡ್ಕೊಂಡು ತಿನ್ಲಾ? ಒರಳು ಬರದಿದ್ರೆ ನಾನೂ ಬರಲ್ಲ."

ಬೋಟ್ವೆ ಉಪಾಯ ಹೂಡುತ್ತಾನೆ. ಹಳೆಯ ಲಾರಿ ಟೈರಿನೊಳಗೆ ಮರಳು ತುಂಬಿ, ಹೊಸ ಮನೆಯ ಟೈಲ್ಸ್ ಮೇಲಿಟ್ಟು, ಅದರ ಮೇಲೆ ಒರಳು ಕೂರಿಸಿ ಒನಕೆ ಹಾಕುತ್ತಾನೆ. ಟೈಲ್ಸ್ ಅಲುಗುವುದಿಲ್ಲ. ಹೆಮ್ಮೆಯಿಂದ ತಲೆ ಎತ್ತಿದರೆ ಅಜ್ಜಿಯ ಕಣ್ಣಲ್ಲಿ ನೀರು.

"ಸದ್ದೇ ಇಲ್ವಲ್ಲೋ. ನನ್ನ ಒರಳಿನ ಬಾಯಿ ಕಟ್ಟಿಬಿಟ್ಯಲ್ಲೋ."

ಬಡಗಿ ಟೇಪು ಹಿಡಿದು ಕೋಣೆಯ ಮೂಲೆಗಳನ್ನೇ ಮತ್ತೆ ಅಳೆಯುತ್ತಾನೆ. ಅಜ್ಜಿ ಕಣ್ಣೊರೆಸಿಕೊಂಡು ಗೇಟಿನ ಪಕ್ಕದ ಬರಿ ಮಣ್ಣನ್ನು ತೋರಿಸುತ್ತಾರೆ. ಅದು ಒಪ್ಪಾಂಗ್ ಕಾರು ನಿಲ್ಲಿಸುವ ಜಾಗ. ಬೋಟ್ವೆ ಅಳುಕುತ್ತಲೇ ಒರಳನ್ನು ಅಲ್ಲಿಗೆ ಉರುಳಿಸುತ್ತಾನೆ. ಅಜ್ಜಿ ಮರಗೆಣಸು ಬೇಯಿಸಿ, ಶೇಂಗಾ ಸಾರನ್ನೂ ಮಾಡಿಡುತ್ತಾರೆ. ಅವನು ಕುಟ್ಟುತ್ತಾನೆ, ಅಜ್ಜಿ ಕೈಯಲ್ಲಿ ಮಗುಚುತ್ತಾರೆ. ಧಬ್ ಧಬ್ ಸದ್ದು ಬೀದಿಯ ಕೊನೆಯವರೆಗೂ ಹೋಗುತ್ತದೆ. ಅಷ್ಟರಲ್ಲಿ ಒಪ್ಪಾಂಗನ ಕಾರು ಬಂದು ಹಾರ್ನ್ ಹೊಡೆಯುತ್ತದೆ.

"ಏನಿದು ನಾಟಕ?" ಅವನು ಕೆಳಗಿಳಿಯುವಷ್ಟರಲ್ಲಿ ಅಜ್ಜಿ ಫುಫು ಹಾಕಿದ ಸಾರಿನ ಬಟ್ಟಲು ಮುಂದಿಟ್ಟಿರುತ್ತಾರೆ.

"ಬಾ ಮಗಾ, ಊಟಕ್ಕೆ ಕೂತ್ಕೋ."

ಊಟಕ್ಕೆ ಕರೆದವರ ಮುಂದೆ ಜಗಳ ತೆಗೆಯುವ ಗಂಡಸು ಬಂಟಾಮಾದಲ್ಲಿ ಇನ್ನೂ ಹುಟ್ಟಿಲ್ಲ. ಒಪ್ಪಾಂಗ್ ಗೊಣಗುತ್ತಲೇ ಕೈ ತೊಳೆಯುತ್ತಾನೆ. ಎರಡನೇ ಸಲ ಸಾರು ಹಾಕಿಸಿಕೊಂಡ ಮೇಲೆ ಎದ್ದು ಹೋಗಿ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಬರುತ್ತಾನೆ. ಗೇಟಿನಾಚೆ ಹೊಸ ಬೀದಿಯ ಇಬ್ಬರು ಹೆಂಗಸರು ಇಣುಕುತ್ತಿದ್ದಾರೆ. ಅಜ್ಜಿ ಅವರನ್ನೂ ಕೂಗಿ ಕರೆಯುತ್ತಾರೆ.

ನಿನ್ನದೇನೋ ಆಸೆ ಎಂದು ಅಜ್ಜಿ ಕೇಳಿದರೆ ಬೋಟ್ವೆ ಬೆರಳಿಗಂಟಿದ ಸಾರು ನೆಕ್ಕುತ್ತಾನೆ. "ನಾಳೆ ನಂಗೂ ವಯಸ್ಸಾಗುತ್ತಲ್ಲ. ಆಗ ಎಷ್ಟೇ ಚಿಕ್ಕ ಕೋಣೆ ಆಗ್ಲಿ ಪರವಾಗಿಲ್ಲ, ಯಾರಾದ್ರೂ ಫುಫು ಕುಟ್ಟೋ ಸದ್ದು ಕೇಳಿಸಿದ್ರೆ ಸಾಕು."