ಮಾಣಿಕರಾಯರ ಗಂಡುಹುಳಗಳು

ಮಾಣಿಕರಾಯರು ಕೂತಿದ್ದನ್ನು ನಾನು ನೋಡಿಯೇ ಇಲ್ಲ. ಚಹಾ ಕುಡಿಯುವುದೂ ಅಂಗಳದಲ್ಲಿ ಅಡ್ಡಾಡುತ್ತಲೇ. ಕಪ್ಪು ಒಂದು ಕಟ್ಟೆಯ ಮೇಲೆ, ಬಸಿ ಇನ್ನೊಂದರ ಮೇಲೆ ಸಿಗುತ್ತಿತ್ತು. ಅವ್ವ "ಕುಂದ್ರಿ ರಾಯರ" ಎಂದರೆ, "ನಾ ಕುಂತ್ರ ಹುಳ ಗೆಲ್ತಾವವ್ವಾ" ಎನ್ನುತ್ತಿದ್ದರು.

ಪೊಲೀಸ್ ಆಕ್ಷನ್ ಆದ ಎರಡು-ಮೂರು ವರ್ಷಕ್ಕೆ ಅವರು ಚಿತ್ತಾಪುರಕ್ಕೆ ಬಂದು ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಬೇಸಾಯ ಇಲಾಖೆಯ ನೌಕರಿ, ಒಂಟಿ ಜೀವ. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಓಡಿ, ಗಿಡದ ಬುಡಕ್ಕೆ ಕಂಬಳಿ ಹಾಸಿ ಜಾಡಿಸಿ, ಉದುರಿದ ಹಸಿರು ಹುಳಗಳನ್ನು ಬರಣಿಯಲ್ಲಿ ತುಂಬಿ ತರುತ್ತಿದ್ದರು. ಊರಿನವರು ಹಾಗೆ ಜಾಡಿಸಿದ ಹುಳವನ್ನು ಬೆಂಕಿಗೆ ಹಾಕಿದರೆ ಇವರು ಎಳೆಗಾಯಿ ತಿನ್ನಿಸಿ ಸಾಕುತ್ತಿದ್ದರು. "ಸರಕಾರ ಪಗಾರ ಕೊಟ್ಟು ಹುಳಕ್ಕ ಅಳಿಯನ ಉಪಚಾರ ಮಾಡಿಸ್ತದ" ಎಂದು ಅಜ್ಜಿ ನಗುತ್ತಿದ್ದಳು.

ಹುಳ ಮಣ್ಣಿಗಿಳಿದು ಕಂದು ಕೋಶವಾದ ಮೇಲೆ ಅವರ ನಿಜವಾದ ಕೆಲಸ. ಭೂತಗನ್ನಡಿ ಹಿಡಿದು ಬಾಲದ ತುದಿಯ ಗೆರೆ ನೋಡಿ, ಹೆಣ್ಣನ್ನು ಒಂದು ಡಬ್ಬಿಗೆ, ಗಂಡನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ನಾನು ಆ ಮನೆಯ ನಾಲ್ಕನೆಯ ಹುಡುಗಿ. ಏನು ಮಾಡುತ್ತೀರಿ ಎಂದು ಕೇಳಿದರೆ ಬೇಸರಿಸದೆ ಹೇಳುತ್ತಿದ್ದರು: "ಇವು ಪತಂಗ ಆಗ್ತಾವ, ತತ್ತಿ ಇಡ್ತಾವ. ಇವುಕ್ಕ ಬರೇ ಗಂಡೇ ಹುಟ್ಟೂ ಹಂಗ ಮಾಡೂ ಕೀಲಿ ಸಿಕ್ರ, ಔಷಧ ಬ್ಯಾಡ, ಬೆಂಕಿ ಬ್ಯಾಡ. ವಂಶ ಖತಂ." ಆ ಕೀಲಿ ಸಿಗಲಿಲ್ಲ. ಸಿಗದ ಸಿಟ್ಟಿಗೇ ಹಾಗೆ ಅಡ್ಡಾಡುತ್ತಿದ್ದರೇನೋ.

ಆಗ ಅವ್ವ ಐದನೆಯ ಬಸುರಿ. ಇದೂ ಹೆಣ್ಣಾದರೆ ನಾಲವಾರದ ಹುಡುಗಿಯನ್ನು ಅಪ್ಪನಿಗೆ ಎರಡನೆಯವಳಾಗಿ ತರುವುದೆಂದು ಅಜ್ಜಿ ಮಾತಾಡಿಬಿಟ್ಟಿದ್ದಳು. ನಾವು ನಾಲ್ವರೂ ಮನೆಯಲ್ಲಿ ಸದ್ದಿಲ್ಲದೆ ಓಡಾಡುವುದನ್ನು ಕಲಿತೆವು.

ಕೋಶದೊಳಗಿರುವಾಗಲೇ ಗಂಡು ಹೆಣ್ಣು ಹೇಳುವವರು ಹೊಟ್ಟೆ ನೋಡಿ ಹೇಳಲಾರರೇ ಎಂದು ಅಜ್ಜಿಗೆ ಹೊಳೆಯಿತು. ಒಂದು ಮುಂಜಾನೆ ಅವ್ವನ ರಟ್ಟೆ ಹಿಡಿದು ಅವರ ಮುಂದೆ ತಂದು ನಿಲ್ಲಿಸಿದಳು. "ನಿಮ್ಮ ಕನ್ನಡಿ ಹಿಡದು ನೋಡ್ರಿ ರಾಯರ, ಏನದ ಹೇಳ್ರಿ." ಅವ್ವ ಸೆರಗು ಕಚ್ಚಿಕೊಂಡು ನೆಲ ನೋಡುತ್ತಿದ್ದಳು.

ರಾಯರ ಕಾಲು ಅಂದು ಮೊದಲ ಸಲ ನಿಂತಿತು. "ಅದು ನನಗ ತಿಳ್ಯಂಗಿಲ್ರಿ. ಆದ್ರ ಒಂದು ಗೊತ್ತದ. ಪತಂಗದಾಗ ಗಂಡೋ ಹೆಣ್ಣೋ ಅನ್ನೂದು ತಾಯಿ ಕಡಿಂದ ಬರ್ತದ. ಮನಷ್ಯಾರಾಗ ತಂದಿ ಕಡಿಂದ. ತೊಗರಿ ಬಿತ್ತಿ, ಜ್ವಾಳ ಬೆಳೀಲಿಲ್ಲಂತ ಹೊಲಕ್ಕ ಬೈತೀರೇನು?" ಹೊಸ್ತಿಲಲ್ಲಿದ್ದ ಅಪ್ಪನಿಗೂ ಕೇಳಿಸಿತು. ರಾಯರು ಬಿಡಲಿಲ್ಲ. "ಮತ್ತ ಬರೇ ಗಂಡೇ ಬೇಕಂತೀರಿ. ನಾ ಹುಳಕ್ಕ ಅದನ್ನೇ ಬಯಸ್ಲಿಕತ್ತೀನಿ, ಹಾಳಾಗ್ಲಿ ಅಂತ."

ಅಜ್ಜಿ ಆ ದಿನವೇ ಕೋಣೆ ಬಿಡಿಸಿದಳು. ರಾಯರು ಡಬ್ಬಿಗಳನ್ನು ಟ್ರಂಕಿಗೆ ತುಂಬಿಕೊಂಡು ವಾಡಿಗೆ ಹೋದರು. ಅಪ್ಪ ಟ್ರಂಕಿಗೆ ದಾರಿ ಬಿಟ್ಟು ಸರಿದು ನಿಂತ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ತಿಂಗಳು ತಂಗಿ ಹುಟ್ಟಿದಳು. ಐದನೆಯ ದಿನ ಅಜ್ಜಿ, "ನಾಲವಾರಕ್ಕ ಹೋಗಿ ಮಾತು ಮುಗಿಸಿ ಬಾ" ಎಂದಳು. ಅಪ್ಪ ರುಮಾಲು ಸುತ್ತಿಕೊಂಡು ರೈಲಿಗೆ ಹೋದ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು.

ಸಂಜೆ ಬಂದವನ ಕೈಯಲ್ಲಿ ಪೇಢೆಯ ಪೊಟ್ಟಣ. ಮಾತು ಮುಗಿಯಿತೆಂದೇ ತಿಳಿದು ಅಜ್ಜಿ ಕೈ ಚಾಚಿದಳು.

"ನಾಲವಾರಕ್ಕ ಹೋಗಿಲ್ಲವ್ವ. ಗಾಡಿ ಬದಲಿ ಮಾಡ್ಲಿಕ್ಕ ವಾಡಿಯಾಗ ಇಳದೆ, ಮುಂದ ಕಾಲೇ ಬರಲಿಲ್ಲ. ಇದು ರಾಯರಿಗಂತ ತಗೊಂಡೆ. ವಾರದ ಹಿಂದ ಅವರಿಗಿ ವರ್ಗ ಆಗ್ಯದಂತ. ಎಲ್ಲಿಗಂತ ಯಾರಿಗೂ ಗೊತ್ತಿಲ್ಲ."

ಗಂಡು ಹುಟ್ಟಿದಾಗಷ್ಟೇ ಪೇಢೆ ತರುವ ಮನೆತನ ನಮ್ಮದು. ಅಪ್ಪ ಪೊಟ್ಟಣ ಬಿಚ್ಚಿ, ಮೊದಲ ಪೇಢೆಯನ್ನು ಅವ್ವನ ಕೈಯಲ್ಲಿಟ್ಟ.